ಮಣ್ಣಿನ ನುಸಿ ಎಲ್ಲಿದೆ ಅಂತ ಜಿಲ್ಲಾ ನಕ್ಷೆ ಹೇಳೋದಿಲ್ಲ

ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಪೇಪರಿನ ಒಳಪುಟಗಳಲ್ಲಿ ಸ್ಕ್ರಬ್ ಟೈಫಸ್ ಹೆಸರು ಕಾಣಿಸಿಕೊಳ್ಳುತ್ತದೆ. ನುಸಿ ಕಚ್ಚಿ ಬರುವ ಜ್ವರ, ಎಚ್ಚರ ಇರಲಿ ಅಂತ ಎರಡು ಪ್ಯಾರಾ. ಅದರ ಬೆನ್ನಿಗೇ ಊರವರ ಬೇಡಿಕೆಯೂ ಬರುತ್ತದೆ: ಪಂಚಾಯ್ತಿಯವರು ಫಾಗಿಂಗ್ ಮಾಡಿಸಲಿ. ಫಾಗಿಂಗ್ ಹೊಗೆ ಹಾರಾಡುವ ಸೊಳ್ಳೆಗೆ ಸರಿ. ಈ ನುಸಿಗೆ ರೆಕ್ಕೆಯೇ ಇಲ್ಲ. ಅದು ಬದುಕಿನ ಬಹುಪಾಲನ್ನು ಮಣ್ಣಿನ ಸಂದಿಯಲ್ಲಿ ಕಳೆಯುತ್ತದೆ, ಹೊಗೆ ಅಲ್ಲಿಗೆ ಇಳಿಯೋದಿಲ್ಲ. ಹಾಗಾಗಿ ಆ ದುಡ್ಡು ಸುಮ್ನೆ ಗಾಳಿಗೆ ಹೋಗುತ್ತದೆ.

ಇನ್ನೊಂದು ಗೊಂದಲ ನಕ್ಷೆಯದ್ದು. ಯಾವ ಜಿಲ್ಲೆಯಲ್ಲಿ ನುಸಿ ಇದೆ, ಯಾವುದರಲ್ಲಿ ಇಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮಣ್ಣಿನ ನುಸಿಗಳ ವಿಷಯದಲ್ಲಿ ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಅನ್ನೋದು ನನ್ನ ವಾದ. ಒಂದೇ ಹೊಲದಲ್ಲಿ ಬದುವಿನ ಹುಲ್ಲಿನಡಿ ಸಾವಿರಗಟ್ಟಲೆ ಇರುತ್ತವೆ, ಹತ್ತು ಮಾರು ಆಚೆ ಟ್ರ್ಯಾಕ್ಟರ್ ಓಡಾಡಿದ ಜಾಡಿನಲ್ಲಿ ಹುಡುಕಿದರೂ ಸಿಗೋದಿಲ್ಲ. ಗೇಣು, ಮೊಳ, ಮಾರಿನ ಅಳತೆಗೆ ಇಳಿಯದೆ ಇವುಗಳ ವಿಳಾಸ ಸಿಗೋದಿಲ್ಲ.

ನುಸಿ ಅಂದ ಕೂಡಲೇ ನಮ್ಮ ಕಡೆಯವರಿಗೆ ತೆಂಗು ನೆನಪಾಗುತ್ತದೆ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡು, ಆಮೇಲೆ ನಮ್ಮ ತೋಟಗಳನ್ನೂ ಹೈರಾಣ ಮಾಡಿದ ನುಸಿಪೀಡೆ. ಅದು ಎಳೆಕಾಯಿಯ ತೊಟ್ಟಿನಡಿ ಬದುಕುವ ಜಾತಿ, ಮಣ್ಣಿನದ್ದಲ್ಲ. ದನದ ಕಿವಿಗೆ ಕಚ್ಚಿಕೊಳ್ಳುವ, ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣೆ ಕೂಡ ಇದೇ ಬಳಗದ್ದು. ಇವೆಲ್ಲ ಜೇಡದ ದಾಯಾದಿಗಳು. ತೆಂಗಿನ ನುಸಿಗೆ ನಾಲ್ಕೇ ಕಾಲು, ಉಳಿದ ಬಹುಪಾಲಿಗೆ ಬೆಳೆದ ಮೇಲೆ ಎಂಟು. ಜಗತ್ತಿನಲ್ಲಿ ಇದುವರೆಗೆ ಹೆಸರಿಟ್ಟ ನುಸಿ ಜಾತಿಗಳು 50,000 ದಾಟಿವೆ. ಅದರಲ್ಲಿ ಸುಮಾರು 11,000 ಒರಿಬ್ಯಾಟಿಡ್ ಅನ್ನುವ ಒಂದೇ ಗುಂಪಿಗೆ ಸೇರಿದವು. ಕಂದು ಬಣ್ಣ, ಗಟ್ಟಿ ಚಿಪ್ಪು, ನಿಧಾನ ನಡಿಗೆ. ಇವು ಯಾರಿಗೂ ಕಚ್ಚುವುದಿಲ್ಲ. ಕೊಳೆತ ಎಲೆ, ಬೂಸ್ಟು, ಶಿಲೀಂಧ್ರದ ಎಳೆ ತಿಂದುಕೊಂಡು ಇರುತ್ತವೆ. ಕಾಡಿನ ಮಣ್ಣಿನಲ್ಲಿ ಸಾಮಾನ್ಯವಾಗಿ ಇವುಗಳದ್ದೇ ಮೇಲುಗೈ.

ಇವುಗಳ ಗಾತ್ರ ಎಷ್ಟಿರಬಹುದು? ಹೆಚ್ಚಿನವು 0.2ರಿಂದ 1 ಮಿಲಿಮೀಟರ್ ಒಳಗೆ. ತೀರಾ ಚಿಕ್ಕವಾದರೆ ಒಂದು ರಾಗಿ ಕಾಳಿನ ಮೇಲೆ ನಾಲ್ಕೈದು ನುಸಿ ಸಾಲಾಗಿ ನಿಂತರೂ ಇನ್ನೂ ಜಾಗ ಉಳಿದೀತು. ದೊಡ್ಡದು ಬೇಕಿದ್ದರೆ ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಹೊಲಕ್ಕೆ ಹೋಗಿ. ಕೆಂಪು ಮಖಮಲ್ಲಿನ ಮೈಯ ಹುಳು ಒಂದು ಹಸಿ ನೆಲದ ಮೇಲೆ ಆರಾಮಾಗಿ ನಡೆದಾಡುತ್ತಿರುತ್ತದೆ, ಮಕ್ಕಳು ಬೆಂಕಿಪೊಟ್ಟಣದಲ್ಲಿ ಹಾಕಿಟ್ಟುಕೊಳ್ಳುತ್ತಾರೆ. ಅದೂ ನುಸಿಯೇ. ಒಂದು ಸೆಂಟಿಮೀಟರ್ ದಾಟುವುದೂ ಉಂಟು. ವರ್ಷದ ಬಹುಪಾಲು ನೆಲದಡಿ ಇದ್ದು ಮಳೆಗೆ ಮೇಲೆ ಬರುತ್ತದೆ. ಮಧ್ಯ ಭಾರತದಲ್ಲಿ ಇದನ್ನು ಆಯ್ದು ಒಣಗಿಸಿ, ಎಣ್ಣೆ ತೆಗೆದು ಔಷಧಿ ಅಂತ ಮಾರುವ ದಂಧೆಯೇ ಇದೆ. ಬರೋದು ಒಂದು ಮಳೆಗೆ, ಆಯೋದು ಬುಟ್ಟಿಗಟ್ಟಲೆ. ಹೀಗೇ ನಡೆದರೆ ಎಷ್ಟು ದಿನ ಉಳಿದೀತು ಅನ್ನೋದು ಬೇರೆಯೇ ಲೇಖನಕ್ಕೆ ಆಗುವಷ್ಟಿದೆ.

ಗಾತ್ರದ ಮಾತು ಯಾಕೆ ಮುಖ್ಯ ಅಂದರೆ, ಹೆಚ್ಚಿನ ನುಸಿಗಳಿಗೆ ಗುಂಡಿ ತೋಡಲು ಬರೋದಿಲ್ಲ. ಎರೆಹುಳು, ಗೆದ್ದಲು, ಇರುವೆ ತಮ್ಮ ದಾರಿ ತಾವೇ ಮಾಡಿಕೊಳ್ಳುತ್ತವೆ. ನುಸಿ ಇರುವ ಸಂದಿಯಲ್ಲೇ ತೂರಬೇಕು. ಮಣ್ಣಿನ ಕಣಗಳ ನಡುವೆ ಎಷ್ಟು ಜಾಗ ಇದೆಯೋ ಅಷ್ಟೇ ಅದರ ಲೋಕ. ಹಾಗಾಗಿ ಮೇಲಿನ ತರಗೆಲೆ ಪದರದಲ್ಲಿ ದಪ್ಪ ಮೈಯವು, ಉದ್ದ ಕಾಲಿನವು, ಗಾಢ ಬಣ್ಣದವು ಇರುತ್ತವೆ. ಕೆಳಗೆ ಇಳಿದಂತೆ ಮೈ ಚಿಕ್ಕದಾಗುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ, ಕಾಲು ಗಿಡ್ಡ ಆಗುತ್ತದೆ. ಇನ್ನೂ ಆಳದಲ್ಲಿ ಎಳೆಹುಳುವಿನ (ದಾರದಂಥ ಸೂಕ್ಷ್ಮ ಹುಳು, ನೆಮಟೋಡ್) ಥರ ಉದ್ದಕ್ಕೆ ಬೆಳೆದ ಜಾತಿಗಳೂ ಇವೆ. ಅಂಥದ್ದೊಂದನ್ನು 2014ರಲ್ಲಿ ಅಮೆರಿಕದ ಓಹಾಯೋದಲ್ಲಿ ಗುರುತಿಸಿದರು. ಉದ್ದ ಸುಮಾರು 0.6 ಮಿಲಿಮೀಟರ್. ಸಿಕ್ಕಿದ್ದು ಯಾವ ದಟ್ಟ ಕಾಡಿನಲ್ಲೂ ಅಲ್ಲ, ನುಸಿ ಅಧ್ಯಯನಕ್ಕೇ ಹೆಸರಾದ ಅಲ್ಲಿನ ವಿಶ್ವವಿದ್ಯಾಲಯದ ಪ್ರಯೋಗಾಲಯದ ಹತ್ತಿರದ ನೆಲದಲ್ಲಿ. ಅಷ್ಟೊಂದು ಜನ ನುಸಿ ತಜ್ಞರು ದಿನಾ ಅದರ ತಲೆ ಮೇಲೇ ಓಡಾಡಿಕೊಂಡಿದ್ದರು.

ಬಹುಪಾಲು ನುಸಿಗಳು ಮೇಲಿನ ಐದು ಸೆಂಟಿಮೀಟರ್ ಒಳಗೇ ಇರುತ್ತವೆ, ಅಂದರೆ ಎರಡು ಇಂಚು. ತಿನ್ನುವ ಸರಕು ಅಲ್ಲಿದೆ, ಗಾಳಿಯೂ ಇದೆ. ಬೇಸಿಗೆಯಲ್ಲಿ ಮೇಲಿನ ಮಣ್ಣು ಕಾದಾಗ ಕೆಲವು ಕೆಳಗಿಳಿಯುತ್ತವೆ, ಮಳೆ ಬಿದ್ದ ಮೇಲೆ ವಾಪಸ್ ಬರುತ್ತವೆ. ಇನ್ನು ಈ ಎರಡು ಇಂಚಿಗೆ ನಾವು ಮಾಡುವುದನ್ನೆಲ್ಲ ಒಮ್ಮೆ ನೆನಪಿಸಿಕೊಳ್ಳಿ. ರೋಟವೇಟರ್ ಹೊಡೆಯುತ್ತೇವೆ, ಕಬ್ಬಿನ ಸೋಗೆಗೆ ಬೆಂಕಿ ಇಡುತ್ತೇವೆ, ತೋಟದ ನೆಲವನ್ನು ಹುಲ್ಲುಕಡ್ಡಿ ಇಲ್ಲದ ಹಾಗೆ ಗುಡಿಸುತ್ತೇವೆ, ಭಾರದ ಗಾಡಿ ಓಡಿಸಿ ಸಂದಿಗಳನ್ನು ಮುಚ್ಚಿಬಿಡುತ್ತೇವೆ, ಅದರ ಮೇಲೆ ಕಳೆನಾಶಕ ಬೇರೆ. ಒರಿಬ್ಯಾಟಿಡ್‌ಗಳಿಗೆ ಇದು ತಡೆಯೋದಿಲ್ಲ. ಅವು ಇಡುವ ಮೊಟ್ಟೆ ಕಡಿಮೆ, ಬೆಳೆಯೋದು ನಿಧಾನ. ಚಳಿದೇಶಗಳಲ್ಲಿ ಒಂದು ತಲೆಮಾರಿಗೆ ವರ್ಷ, ಕೆಲವಕ್ಕೆ ಅದಕ್ಕೂ ಜಾಸ್ತಿ. ಒಮ್ಮೆ ಹೋದರೆ ಮತ್ತೆ ತುಂಬಿಕೊಳ್ಳಲು ಬಹಳ ಕಾಲ ಬೇಕು. ಅದೇ ಜಾಗಕ್ಕೆ ಬೇಗ ಹುಟ್ಟಿ ಬೇಗ ಹೆಚ್ಚುವ ಮೆತ್ತನೆ ಮೈಯ ಜಾತಿಗಳು ನುಗ್ಗುತ್ತವೆ. ನುಸಿಯ ಒಟ್ಟು ಸಂಖ್ಯೆ ನೋಡಿ ಮಣ್ಣು ಚೆನ್ನಾಗಿದೆ ಅನ್ನುವ ಹಾಗಿಲ್ಲ, ಯಾವ ನುಸಿ ಅಂತ ನೋಡಬೇಕು.

ನೋಡೋದು ಕಷ್ಟವೇನಲ್ಲ. 1905ರಲ್ಲಿ ಇಟಲಿಯ ಆಂಟೋನಿಯೊ ಬರ್ಲೀಸ್ ಒಂದು ಆಲಿಕೆ ಮಾಡಿದರು. ಸುತ್ತ ಬಿಸಿನೀರು, ಒಳಗೆ ಜರಡಿ, ಜರಡಿಯ ಮೇಲೆ ಮಣ್ಣು. 1918ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ಬಿಸಿನೀರಿನ ಬದಲು ಮೇಲಿನಿಂದ ಬಲ್ಬ್ ಬಿಟ್ಟರು. ಇವತ್ತಿಗೂ ಕೆಲಸ ನಡೆಯೋದು ಬಹುಮಟ್ಟಿಗೆ ಹೀಗೆಯೇ. ಮನೆಯಲ್ಲಿ ಮಾಡುವುದಾದರೆ ದೊಡ್ಡ ನೀರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗು ಮಾಡಿ, ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಒಂದು ತುಂಡು ಇಡಿ, ಅದರ ಮೇಲೆ ತರಗೆಲೆ ಸಮೇತ ಒಂದು ಹಿಡಿ ಹಸಿ ಮಣ್ಣು. ಕೆಳಗೆ ಸ್ವಲ್ಪ ಸ್ಪಿರಿಟ್ ಇರುವ ಸೀಸೆ. ಮೇಲಿಂದ ಹಳೇ ಕಾಲದ ತಂತಿ ಬಲ್ಬ್ ಉರಿಯಬೇಕು, ಎಲ್‌ಇಡಿ ಬೇಡ, ಅದು ಅಷ್ಟು ಬಿಸಿ ಆಗೋದಿಲ್ಲ. ಮಣ್ಣು ಮೇಲಿನಿಂದ ಒಣಗುತ್ತ ಬಂದ ಹಾಗೆ ಒಳಗಿನ ಜೀವಿಗಳು ತೇವ ಹುಡುಕಿಕೊಂಡು ಕೆಳಗಿಳಿದು ಸೀಸೆಗೆ ಬೀಳುತ್ತವೆ. ಮೂರ್ನಾಲ್ಕು ದಿನ ಬಿಡಿ.

ಹತ್ತು ಪಟ್ಟು ದೊಡ್ಡದು ಮಾಡುವ ಕೈಮಸೂರ ಇದ್ದರೆ ಸಾಕು. ತಿಳಿ ಕಂದು ಬಣ್ಣದ, ಉದ್ದ ಕಾಲಿನ ಚುರುಕು ಮೈಯವು ಬೇಟೆಗಾರ ನುಸಿಗಳು, ಗ್ಯಾಮಸಿಡ್ ಗುಂಪಿನವು. ಎಳೆಹುಳು, ಬೇರೆ ಹುಳುಗಳ ಮೊಟ್ಟೆ ಇವುಗಳ ಊಟ. ಗೊಬ್ಬರದ ಗುಂಡಿಯಲ್ಲಿ ಇವು ಧಾರಾಳ. ಸಗಣಿ ದುಂಬಿಯನ್ನು ಹಿಡಿದು ಹೊಟ್ಟೆ ಮೇಲು ಮಾಡಿ ನೋಡಿದರೆ ಕೆಲವೊಮ್ಮೆ ಇಂಥ ನುಸಿಗಳು ಗುಂಪಾಗಿ ಅಂಟಿಕೊಂಡಿರುತ್ತವೆ. ಅವು ದುಂಬಿಯ ರಕ್ತ ಹೀರುತ್ತಿಲ್ಲ, ಮುಂದಿನ ಸಗಣಿಗೆ ಬಿಟ್ಟಿ ಸವಾರಿ ಅಷ್ಟೇ. ಇನ್ನು ಒರಿಬ್ಯಾಟಿಡ್‌ಗಳಲ್ಲಿ ಕೆಲವಕ್ಕೆ ಮೈಯ ಎರಡೂ ಪಕ್ಕ ಮಡಚುವ ಹಾಳೆ ಇರುತ್ತದೆ, ಅಪಾಯ ಬಂದರೆ ಕಾಲು ಒಳಗೆಳೆದುಕೊಂಡು ಹಾಳೆ ಮುಚ್ಚಿಕೊಳ್ಳುತ್ತವೆ. ಇನ್ನು ಕೆಲವು ತಲೆ, ಕಾಲು ಎಲ್ಲ ಒಳಗೆ ಸೇರಿಸಿ ಪೂರ್ತಿ ಮುಚ್ಚಿದ ಡಬ್ಬಿ ಆಗಿಬಿಡುತ್ತವೆ. ಗಾತ್ರ ಚಿಕ್ಕದಾದರೂ ತಾಕತ್ತು ಕಡಿಮೆಯಲ್ಲ. ಒಂದು ಉಷ್ಣವಲಯದ ಜಾತಿ ತನ್ನ ತೂಕದ 1,180 ಪಟ್ಟು ಭಾರವನ್ನು ತಡೆದು ಹಿಡಿಯಬಲ್ಲದು ಅಂತ 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ.

ಈಗ ದೊಡ್ಡ ನಕ್ಷೆಗೆ ಬರೋಣ. ಬಿಸಿ ದೇಶ, ಮಳೆಕಾಡು, ಜೀವವೈವಿಧ್ಯ, ಆದ್ದರಿಂದ ನುಸಿಯೂ ಇಲ್ಲೇ ಜಾಸ್ತಿ ಅಂತ ಅನಿಸುತ್ತದೆ ಅಲ್ವಾ? ಸಂಖ್ಯೆಯ ಮಟ್ಟಿಗೆ ಉಲ್ಟಾ. ಉತ್ತರದ ಸೂಚಿಪರ್ಣ ಕಾಡುಗಳ ಒಂದು ಚದರ ಮೀಟರ್ ನೆಲದಲ್ಲಿ ಲಕ್ಷ, ಕೆಲವು ಕಡೆ ಅದಕ್ಕೂ ಹಲವು ಪಟ್ಟು ನುಸಿ ಸಿಗುತ್ತವೆ. ಉಷ್ಣವಲಯದ ಕಾಡಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಕಾರಣ ಸರಳ. ಚಳಿಯಲ್ಲಿ ಪೈನ್ ಎಲೆ ವರ್ಷಗಟ್ಟಲೆ ಕೊಳೆಯದೆ ದಪ್ಪ ಹಾಸಿಗೆಯಾಗಿ ಬಿದ್ದಿರುತ್ತದೆ, ಬೂಸ್ಟು ಬೆಳೆಯುತ್ತದೆ, ನುಸಿಗೆ ಮನೆಯೂ ಅದೇ ಊಟವೂ ಅದೇ. ನಮ್ಮಲ್ಲಿ ಎಲೆ ಬಿದ್ದ ಕೆಲವು ತಿಂಗಳಲ್ಲೇ ಗೆದ್ದಲು ಮತ್ತು ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತವೆ, ಹಾಸಿಗೆ ನಿಲ್ಲೋದಿಲ್ಲ. ಅಂಟಾರ್ಕ್ಟಿಕದಲ್ಲೂ ನುಸಿ ಇದೆ. ಮೂರನೇ ಒಂದು ಮಿಲಿಮೀಟರಿಗೂ ಚಿಕ್ಕದಾದ ಒಂದು ಜಾತಿ ದಕ್ಷಿಣಕ್ಕೆ 85 ಡಿಗ್ರಿ ಅಕ್ಷಾಂಶದವರೆಗೂ ಸಿಕ್ಕಿದೆ.

ಕೆಲವು ಜಾತಿಗಳು ಅರ್ಧ ಜಗತ್ತಿನಲ್ಲಿ ಹರಡಿವೆ. ಒಪ್ಪಿಯೆಲ್ಲಾ ನೋವಾ ಅಂತ ಒಂದಿದೆ, ಕಾಲು ಮಿಲಿಮೀಟರ್ ಉದ್ದ. ಇದರಲ್ಲಿ ಗಂಡಿನ ಕೆಲಸವೇ ಇಲ್ಲ, ಹೆಣ್ಣುಗಳು ಹೆಣ್ಣುಗಳನ್ನೇ ಹೆರುತ್ತವೆ. ಬಹುಕಾಲದಿಂದ ಹೀಗೇ ನಡೆದು ಬಂದಿದೆ ಅನ್ನುವುದಕ್ಕೆ 2021ರಲ್ಲಿ ಅದರ ಜೀನೋಮಿನಲ್ಲೇ ಪುರಾವೆ ಸಿಕ್ಕಿತು. ಹೊಸ ಜಾಗ ಸೇರಲು ಒಂದೇ ಒಂದು ಹೆಣ್ಣು ಸಾಕು ಅಂದಮೇಲೆ ಬೇರಿನ ಮಣ್ಣಿನ ಜೊತೆಗೋ ಹಕ್ಕಿಯ ಪುಕ್ಕಕ್ಕೆ ಅಂಟಿಯೋ ಎಲ್ಲಿಗೆ ಬೇಕಾದರೂ ಹೋಗಬಹುದು.

ಆದರೆ ಹರಡಿಕೆಯ ಪಟ್ಟಿಗಳನ್ನು ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಎಲ್ಲಿ ಹುಡುಕುವವರು ಇದ್ದರೋ ಅಲ್ಲಿ ಜಾತಿ ಜಾಸ್ತಿ. ನಮ್ಮ ದೇಶದಲ್ಲಿ ಮಣ್ಣಿನ ಒರಿಬ್ಯಾಟಿಡ್‌ಗಳ ಕೆಲಸ ಕ್ಯಾಲಿಕಟ್ ವಿಶ್ವವಿದ್ಯಾಲಯದಲ್ಲಿ, ಕೋಲ್ಕತ್ತದ ಪ್ರಾಣಿ ಸರ್ವೇಕ್ಷಣಾಲಯದಲ್ಲಿ ಚೆನ್ನಾಗಿ ನಡೆಯಿತು, ಅಲ್ಲಿನ ಪಟ್ಟಿ ಉದ್ದ ಆಯಿತು. ಬೆಂಗಳೂರೂ ನುಸಿ ವಿಜ್ಞಾನದಲ್ಲಿ ಸಣ್ಣ ಹೆಸರಲ್ಲ. ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಜಿ. ಪಿ. ಚನ್ನಬಸವಣ್ಣ ಆ ಕ್ಷೇತ್ರವನ್ನು ಕಟ್ಟಿದವರಲ್ಲಿ ಒಬ್ಬರು, 1986ರಲ್ಲಿ ನುಸಿ ವಿಜ್ಞಾನಿಗಳ ಏಳನೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆದದ್ದು ಬೆಂಗಳೂರಿನಲ್ಲೇ. ಆದರೆ ಕೃಷಿ ವಿಶ್ವವಿದ್ಯಾಲಯದ ಒತ್ತು ಬೆಳೆಗೆ ಕಾಟ ಕೊಡುವ ನುಸಿಗಳ ಮೇಲೆ ಇರೋದು ಸಹಜ. ಬೆಳೆ ಹಾಳು ಮಾಡದ ಜೀವಿಗೆ ಯೋಜನೆಯ ದುಡ್ಡು ಯಾರು ಕೊಡುತ್ತಾರೆ?

ಈಗ ಸ್ಕ್ರಬ್ ಟೈಫಸ್. ನಮ್ಮ ದೇಶದಲ್ಲಿ ಇದನ್ನು ಹರಡುವ ಮುಖ್ಯ ಜಾತಿಯ ಹೆಸರು ಲೆಪ್ಟೊಟ್ರೊಂಬಿಡಿಯಂ ಡೆಲಿಯೆನ್ಸ್. ಬೆಳೆದ ನುಸಿ ಸುಮಾರು ಒಂದು ಮಿಲಿಮೀಟರ್, ಮಣ್ಣಿನಲ್ಲಿ ಸಣ್ಣ ಹುಳುಗಳ ಮೊಟ್ಟೆ ತಿಂದುಕೊಂಡಿರುತ್ತದೆ, ಮನುಷ್ಯನ ಗೋಜಿಗೆ ಬರೋದಿಲ್ಲ. ಕಚ್ಚೋದು ಅದರ ಮರಿ. ಅದನ್ನೇ ಚಿಗ್ಗರ್ ಅನ್ನುತ್ತಾರೆ. ಆರು ಕಾಲು, 0.2 ಮಿಲಿಮೀಟರ್, ಬರಿಗಣ್ಣಿಗೆ ಕಂಡೂ ಕಾಣದ ಹಾಗೆ. ಮೊಟ್ಟೆಯೊಡೆದು ಬಂದ ಮರಿ ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಹತ್ತಿ ಕಾಯುತ್ತದೆ, ಇಲಿ ಹೆಗ್ಗಣ ಹಾದರೆ ಹತ್ತಿಕೊಳ್ಳುತ್ತದೆ, ಕೆಲವು ದಿನ ಉಂಡು ಕೆಳಗೆ ಬೀಳುತ್ತದೆ. ಇಡೀ ಜನ್ಮದಲ್ಲಿ ಪ್ರಾಣಿಯ ಮೈಮೇಲೆ ಊಟ ಅದೊಂದೇ ಸಲ. ಹಾಗಿದ್ದರೆ ರೋಗ ಹರಡೋದು ಹೇಗೆ? ಒರಿಯೆನ್ಷಿಯಾ ಸುತ್ಸುಗಮುಶಿ ಅನ್ನುವ ಬ್ಯಾಕ್ಟೀರಿಯಾ ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ದಾಟುತ್ತದೆ. ಅಂದರೆ ರೋಗದ ಉಗ್ರಾಣ ಇಲಿಗಿಂತ ಹೆಚ್ಚಾಗಿ ನುಸಿಯ ವಂಶವೇ. ಇಲಿಯ ಪಾತ್ರ ಊಟ ಹಾಕೋದು ಮತ್ತು ಸಾಗಿಸೋದು.

ಇದರಿಂದ ಎರಡು ಸಂಗತಿ ಹೊರಡುತ್ತವೆ. ಇಲಿ ಎಲ್ಲಿ ಓಡಾಡುತ್ತದೋ, ಎಲ್ಲಿ ನೆರಳು ತೇವ ಇದೆಯೋ, ಆ ಕೆಲವೇ ಮಾರುಗಳ ಜಾಗದಲ್ಲಿ ಚಿಗ್ಗರ್ ಗುಂಪು ಕಟ್ಟುತ್ತದೆ. ತಜ್ಞರು ಇವನ್ನು ನುಸಿ ದ್ವೀಪ ಅಂತಲೇ ಕರೆಯುತ್ತಾರೆ. ಪಾಳುಬಿದ್ದ ಹೊಲ, ಕಾಲುವೆ ದಂಡೆಯ ಹುಲ್ಲು, ಮನೆ ಹಿಂದಿನ ಸೌದೆ ರಾಶಿ, ಪೊದೆ ಬೆಳೆದ ಸೈಟು. ಒಂದೇ ದಾರಿಯಲ್ಲಿ ಹೋದ ಇಬ್ಬರಲ್ಲಿ ಒಬ್ಬರು ಬಹಿರ್ದೆಸೆಗೋ ಸೌದೆ ಆರಿಸಲೋ ಪಕ್ಕಕ್ಕೆ ಸರಿದಿದ್ದರೆ ಅವರಿಗೆ ಮಾತ್ರ ಜ್ವರ ಬರಬಹುದು. ಎರಡನೆಯದು, ಇಲಿಗೆ ಮಾತ್ರ ವಿಷ ಇಟ್ಟರೆ ಎಡವಟ್ಟಾಗುವ ಸಾಧ್ಯತೆ ಇದೆ, ಹಸಿದ ಮರಿಗಳಿಗೆ ಇಲಿ ಸಿಗದಿದ್ದಾಗ ಮನುಷ್ಯನೇ ಸಿಗುತ್ತಾನೆ. ಪೊದೆ ಸವರಿ ಬಿಸಿಲು ಬೀಳುವ ಹಾಗೆ ಮಾಡೋದು ಮೊದಲು ಆಗಬೇಕು.

ಬಹಳ ಕಾಲ ಈ ರೋಗಕ್ಕೂ ಒಂದು ನಕ್ಷೆ ಇತ್ತು. ಜಪಾನ್, ಪಾಕಿಸ್ತಾನ, ಉತ್ತರ ಆಸ್ಟ್ರೇಲಿಯಾ ಸೇರಿಸಿ ಎಳೆದ ತ್ರಿಕೋನ, ಅದರಾಚೆ ಇಲ್ಲ ಅಂತ ಪುಸ್ತಕಗಳಲ್ಲಿ ಬರೆದಿತ್ತು. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಗಡಿಯ ಸೈನಿಕರನ್ನು ಇದು ಕಾಡಿತ್ತು, ಬಟ್ಟೆಗೆ ರಾಸಾಯನಿಕ ಹಚ್ಚಿಕೊಂಡು ಓಡಾಡುತ್ತಿದ್ದರು. ಆಮೇಲೆ ದಕ್ಷಿಣ ಅಮೆರಿಕದ ಚಿಲಿಯಲ್ಲಿ, ಚಿಲೋಯೆ ದ್ವೀಪದಲ್ಲಿ ಇದೇ ಥರದ ಜ್ವರ ಕಾಣಿಸಿಕೊಂಡು ತ್ರಿಕೋನ ಮುರಿಯಿತು. ನಮ್ಮಲ್ಲೇ ಉತ್ತರ ಪ್ರದೇಶದ ಗೋರಖ್‌ಪುರದ ಕಡೆ ವರ್ಷಾ ವರ್ಷಾ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಮೆದುಳು ಜ್ವರದಲ್ಲಿ ದೊಡ್ಡ ಪಾಲು ಸ್ಕ್ರಬ್ ಟೈಫಸ್‌ನದ್ದು ಅಂತ ಕಳೆದ ದಶಕದಲ್ಲಿ ಗೊತ್ತಾಯಿತು. ಅಲ್ಲಿಯವರೆಗೆ ಅದು ಅಲ್ಲಿ ಇರಲಿಲ್ಲ ಅಂತಲ್ಲ, ಪರೀಕ್ಷೆ ಮಾಡಿರಲಿಲ್ಲ.

ಕಚ್ಚಿದ್ದು ಗೊತ್ತಾಗೋದಿಲ್ಲ. ಹತ್ತು ದಿನದ ಆಚೀಚೆ ಜೋರು ಜ್ವರ, ತಲೆನೋವು, ಮೈಕೈ ನೋವು. ಕೆಲವರಿಗೆ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಇರುತ್ತದೆ. ತೊಡೆಸಂದು, ಕಂಕುಳು, ಸ್ತನದ ಕೆಳಗೆ, ಸೊಂಟದ ದಾರ ಕಟ್ಟುವ ಜಾಗ, ಹೀಗೆ ಬಟ್ಟೆ ಬಿಗಿಯುವ ಕಡೆ. ನೋವೂ ಇಲ್ಲ ತುರಿಕೆಯೂ ಇಲ್ಲ, ಹಾಗಾಗಿ ರೋಗಿಗೂ ಗೊತ್ತಿರೋದಿಲ್ಲ, ಸಂಕೋಚಕ್ಕೆ ತೋರಿಸೋದೂ ಇಲ್ಲ. ಡೆಂಗಿ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಹೊಲ ಗದ್ದೆ ಪೊದೆ ಕಡೆ ಹೋಗಿದ್ದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಪೆನಿಸಿಲಿನ್ ಥರದ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗೋದಿಲ್ಲ. ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ, ಅದು ಅಗ್ಗದ ಮಾತ್ರೆ. ರೋಗ ತೀವ್ರವಾದವರಿಗೆ ಅದರ ಜೊತೆ ಅಜಿತ್ರೋಮೈಸಿನ್ ಸೇರಿಸಿ ರಕ್ತನಾಳದ ಮೂಲಕ ಕೊಟ್ಟರೆ ಒಂದೊಂದನ್ನೇ ಕೊಡುವುದಕ್ಕಿಂತ ಮೇಲು ಅಂತ ಭಾರತದ ಹಲವು ಆಸ್ಪತ್ರೆಗಳು ಸೇರಿ ನಡೆಸಿದ, 2023ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ.

ಕುರಿ ಸಾಕುವವರಿಗೆ ಇನ್ನೊಂದು ನುಸಿ ಗೊತ್ತಿರಬೇಕು. ಕುರಿಮರಿಗಳ ಹಿಕ್ಕೆಯಲ್ಲಿ ಬಿಳಿ ತುಂಡುಗಳು ಬೀಳುತ್ತವಲ್ಲ, ಅದು ಮೊನೀಜಿಯಾ ಅನ್ನುವ ಲಾಡಿಹುಳು. ಅದರ ಮೊಟ್ಟೆ ನೇರ ಇನ್ನೊಂದು ಕುರಿಗೆ ಹೋದರೆ ಏನೂ ಆಗೋದಿಲ್ಲ. ನಡುವೆ ಒರಿಬ್ಯಾಟಿಡ್ ನುಸಿ ಬೇಕು. ನುಸಿ ಹಿಕ್ಕೆಯಲ್ಲಿನ ಮೊಟ್ಟೆ ತಿನ್ನುತ್ತದೆ, ಅದರ ಹೊಟ್ಟೆಯಲ್ಲಿ ಮರಿಹುಳು ಬಲಿಯುತ್ತದೆ, ಕುರಿ ಹುಲ್ಲಿನ ಜೊತೆ ನುಸಿಯನ್ನೂ ನುಂಗುತ್ತದೆ. 1937ರಲ್ಲಿ ಅಮೆರಿಕದ ಹೊರೇಸ್ ಸ್ಟಂಕಾರ್ಡ್ ಇದನ್ನು ಕಂಡುಹಿಡಿಯುವವರೆಗೆ ಸುತ್ತು ಹೇಗೆ ಪೂರ್ತಿಯಾಗುತ್ತದೆ ಅಂತ ಯಾರಿಗೂ ಹೊಳೆದಿರಲಿಲ್ಲ. ಇಲ್ಲೂ ವಿಷಯ ಬೆರಳಳತೆಯದ್ದೇ. ಇಬ್ಬನಿ ಇರುವ ಬೆಳಿಗ್ಗೆ ಮತ್ತು ಸಂಜೆ ನುಸಿ ಹುಲ್ಲಿನ ಮೇಲಕ್ಕೆ ಹತ್ತುತ್ತದೆ, ಬಿಸಿಲೇರಿದರೆ ಬುಡಕ್ಕೆ ಇಳಿಯುತ್ತದೆ. ಎಳೆಮರಿಗಳನ್ನು ಇಬ್ಬನಿ ಆರಿದ ಮೇಲೆ ಬಿಡುವುದು ಅದಕ್ಕೇ ಒಳ್ಳೆಯದು. ವರ್ಷಾನುಗಟ್ಟಲೆ ಉಳುಮೆ ಕಾಣದ ಗೋಮಾಳದಲ್ಲಿ ಉತ್ತ ಹೊಲಕ್ಕಿಂತ ಈ ನುಸಿ ಜಾಸ್ತಿ. ಮಣ್ಣಿಗೆ ಒಳ್ಳೆಯದಾದ ನೆಲ ಕುರಿಮರಿಗೆ ಅಷ್ಟು ಒಳ್ಳೆಯದಲ್ಲ, ಏನು ಮಾಡೋದು.

ಸರ್ಕಾರದ ಲೆಕ್ಕದಲ್ಲಿ ಇವುಗಳಿಗೆ ಜಾಗ ಎಲ್ಲಿ? 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಜೀವಿಯ ಸಾಲು ಒಂದೂ ಇಲ್ಲ. ಆರೋಗ್ಯ ಅಂತ ಹೆಸರಿಟ್ಟಿದ್ದಕ್ಕೆ ಒಂದಾದರೂ ಇರಬೇಕಿತ್ತು ಅನ್ನೋದು ನನ್ನ ತಕರಾರು. ಮಾದರಿ ತೆಗೆಯುವ ರೀತಿಯೂ ನುಸಿಗೆ ಹೊಂದೋದಿಲ್ಲ. ಮೇಲಿನ ಕಸಕಡ್ಡಿ ತೆಗೆದುಹಾಕಿ, ಆರು ಇಂಚು ಅಗೆದು, ಹೊಲದ ಹಲವು ಕಡೆಯ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ ಕಳಿಸಿ ಅನ್ನುತ್ತಾರೆ. ನುಸಿ ಇರೋದೇ ಆ ಕಸಕಡ್ಡಿಯಲ್ಲಿ. ಒಣಗಿಸಿದರೆ ಸತ್ತೇ ಹೋಗುತ್ತವೆ.

ಜಾತಿ ಗುರುತಿಸುವ ತಜ್ಞರನ್ನು ಎಲ್ಲಿಂದ ತರೋದು ಅನ್ನುವ ಆಕ್ಷೇಪ ನಿಜವೇ. ಅದಕ್ಕೆ ಇಟಲಿಯವರು 2001ರಲ್ಲಿ ಒಂದು ಸುಲಭ ದಾರಿ ಹುಡುಕಿದರು. ಪಾರ್ಮಾದ ವಿತ್ತೋರಿಯೊ ಪಾರೀಸಿ ಮಾಡಿದ ಆ ವಿಧಾನದಲ್ಲಿ ಜಾತಿ ಬೇಡ, ಗುಂಪು ಗೊತ್ತಾದರೆ ಸಾಕು. ಮಣ್ಣಿನ ಬದುಕಿಗೆ ಎಷ್ಟು ಒಗ್ಗಿದ ಗುಂಪೋ ಅಷ್ಟು ಅಂಕ, ಗರಿಷ್ಠ 20, ಎಲ್ಲ ಕೂಡಿಸಿದರೆ ಆ ಮಣ್ಣಿನ ಮಾರ್ಕು. ಕೃಷಿ ಡಿಪ್ಲೊಮಾ ಓದುವ ಹುಡುಗರು ಆಲಿಕೆ ಇಟ್ಟುಕೊಂಡು ಕಲಿಯಬಹುದಾದ ಕೆಲಸ. ಒಂದು ಕೊರತೆ ಇದೆ. ನುಸಿಗಳಿಗೆ ಅದು ಇಡಿಯಾಗಿ 20 ಅಂಕ ಕೊಟ್ಟುಬಿಡುತ್ತದೆ, ಸೀಸೆಯಲ್ಲಿ ಒಂದು ಸಿಕ್ಕರೂ ಅಷ್ಟೇ, ಸಾವಿರ ಸಿಕ್ಕರೂ ಅಷ್ಟೇ. ನಮ್ಮಲ್ಲಿ ತರುವುದಾದರೆ ಕಂದು ಚಿಪ್ಪಿನವು ಎಷ್ಟು, ಮೆತ್ತನೆ ಮೈಯವು ಎಷ್ಟು ಅಂತ ಎರಡು ಸಾಲು ಬೇರೆ ಬರೆಯಬೇಕು, ಮತ್ತು ಒಂದೇ ಹೊಲದ ಬದು, ಸಾಲು, ಗಾಡಿ ಜಾಡು ಮೂರರ ಮಣ್ಣನ್ನೂ ಬೆರೆಸದೆ ಬೇರೆ ಬೇರೆ ಆಲಿಕೆಗೆ ಹಾಕಬೇಕು.